ಐದನೇ ತಿಂಗಳ ಸ್ಕ್ಯಾನ್ ಕಪಾಟಿನಲ್ಲಿ ಉಳಿಯಬಾರದು

ನಮಗೆ ಫೋನು ಬರುವುದು ಮಗು ಹುಟ್ಟಿದ ಮೇಲೆ. ಬಹಳ ಸಲ ರಾತ್ರಿಯೇ. 'ಮೇಡಂ, ಒಂದು ಸಿಡಿಎಚ್ ಇದೆ. ದಿನ ತುಂಬಿದ ಮಗು, ಎರಡೂ ಮುಕ್ಕಾಲು ಕೆ.ಜಿ. ಸ್ಯಾಚುರೇಷನ್ ಎಪ್ಪತ್ತು ದಾಟ್ತಿಲ್ಲ. ಕಳಿಸ್ಲಾ?' ಎಂದು ಆ ಕಡೆಯ ಮಕ್ಕಳ ವೈದ್ಯರು ಕೇಳುತ್ತಾರೆ. ಕಳಿಸಿ ಎನ್ನದೆ ಬೇರೆ ದಾರಿ ಇರುವುದಿಲ್ಲ. ಮೂರೋ ನಾಲ್ಕೋ ತಾಸಿನ ಮೇಲೆ ಆಂಬುಲೆನ್ಸ್ ಬಂದು ನಿಂತಾಗ ಮಗುವಿನ ಜೊತೆ ಇಳಿಯುವವರು ಅಪ್ಪ ಮತ್ತು ಒಬ್ಬ ಅಜ್ಜಿ. ತಾಯಿ ಹೊಲಿಗೆ ಹಾಕಿಸಿಕೊಂಡು ಇನ್ನೊಂದು ಊರಿನ ವಾರ್ಡಿನಲ್ಲಿ ಮಲಗಿರುತ್ತಾಳೆ. ಅಪ್ಪನ ಕೈಯ ಪ್ಲಾಸ್ಟಿಕ್ ಚೀಲದಲ್ಲಿ ತಾಯಿ ಕಾರ್ಡ್, ರಕ್ತಪರೀಕ್ಷೆಯ ಚೀಟಿಗಳು, ಆಧಾರ್ ಜೆರಾಕ್ಸ್ ಎಲ್ಲ ಇರುತ್ತವೆ. ಅವುಗಳ ನಡುವೆ ಎಷ್ಟೋ ಸಲ ಇಪ್ಪತ್ತನೇ ವಾರದ ಸ್ಕ್ಯಾನ್ ವರದಿಯೂ ಸಿಗುತ್ತದೆ. ಮಗುವಿನ ಜಠರ ಎಡ ಎದೆಯಲ್ಲಿದೆ, ಹೃದಯ ಬಲಕ್ಕೆ ಸರಿದಿದೆ ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿರುತ್ತದೆ.

ಅಂದರೆ ನಾಲ್ಕು ತಿಂಗಳು ಮೊದಲೇ ವಿಷಯ ಗೊತ್ತಿತ್ತು.

ನಾನು ಉತ್ತರ ಕರ್ನಾಟಕದ ಒಂದು ಆಸ್ಪತ್ರೆಯಲ್ಲಿ ಮಕ್ಕಳ ಶಸ್ತ್ರವೈದ್ಯೆ. ಸಿಡಿಎಚ್ ಎಂದರೆ ವಪೆಯ ಹುಟ್ಟು ಹರ್ನಿಯಾ. ವಪೆಯಲ್ಲಿ ರಂಧ್ರ ಉಳಿದು ಹುಟ್ಟುವ ಮಗು ಯಾವ ಊರಿನಲ್ಲಿ, ಯಾವ ಆಸ್ಪತ್ರೆಯಲ್ಲಿ ಹುಟ್ಟಬೇಕು ಎಂಬ ತೀರ್ಮಾನವನ್ನು ಹೆರಿಗೆ ನೋವು ಬರುವ ತನಕ ಬಿಡಬಾರದು. ಸ್ಕ್ಯಾನಿನಲ್ಲಿ ಕಂಡ ವಾರದಲ್ಲೇ ಅದು ಆಗಬೇಕು. ಹಾಗೆ ಆಗುವಂತೆ ನೋಡಿಕೊಳ್ಳುವ ಹೊಣೆಯನ್ನು ಗಾಬರಿಯಾದ ಒಂದು ಬಡ ಕುಟುಂಬದ ಹೆಗಲಿಗೆ ಹಾಕಿ ಸರ್ಕಾರ ಕೈತೊಳೆದುಕೊಳ್ಳಬಾರದು. ಇದನ್ನು ಹೇಳುವುದಕ್ಕಾಗಿಯೇ ಬರೆಯುತ್ತಿದ್ದೇನೆ.

ಎದೆಯನ್ನೂ ಹೊಟ್ಟೆಯನ್ನೂ ಬೇರೆ ಮಾಡುವ ತೆಳು ಸ್ನಾಯುವೇ ವಪೆ. ಹೈಸ್ಕೂಲಿನ ವಿಜ್ಞಾನದ ಪಾಠದಲ್ಲಿ ಅದರ ಚಿತ್ರ ಬರೆದವರು ನಾವೆಲ್ಲ. ಗರ್ಭದಲ್ಲಿ ಎಂಟನೇ ವಾರದ ಹೊತ್ತಿಗೆ ಅದರ ಭಾಗಗಳು ಬೆಳೆದು ಬಂದು ಒಂದಕ್ಕೊಂದು ಕೂಡಿಕೊಳ್ಳಬೇಕು. ಕೆಲವು ಮಕ್ಕಳಲ್ಲಿ ಹಿಂಬದಿಯ ಒಂದು ಮೂಲೆ ಮುಚ್ಚದೆ ಉಳಿಯುತ್ತದೆ. ಹತ್ತರಲ್ಲಿ ಎಂಟಕ್ಕೂ ಹೆಚ್ಚು ಸಲ ಅದು ಎಡಮೂಲೆ. ಪ್ರಾಗ್ ನಗರದ ಅಂಗರಚನಾ ಶಾಸ್ತ್ರಜ್ಞ ಬೊಹ್ಡಾಲೆಕ್ ಇದನ್ನು 1848ರಲ್ಲಿ ವಿವರಿಸಿದ್ದರಿಂದ ಇವತ್ತಿಗೂ ನಾವು ಅದನ್ನು ಅವನ ಹೆಸರಿನಿಂದಲೇ ಕರೆಯುತ್ತೇವೆ. ಆ ಕಿಂಡಿಯಿಂದ ಕರುಳು, ಜಠರ, ಗುಲ್ಮ, ಕೆಲವೊಮ್ಮೆ ಯಕೃತ್ತಿನ ಒಂದು ಭಾಗ ಎದೆಗೆ ಏರುತ್ತವೆ. ಶ್ವಾಸನಾಳಗಳು ಕವಲೊಡೆಯುವ ಕೆಲಸ ಹದಿನಾರನೇ ವಾರದ ಸುಮಾರಿಗೆ ಮುಗಿದುಬಿಡುತ್ತದೆ. ಆ ವಾರಗಳಲ್ಲಿ ಜಾಗ ಸಿಗದ ಶ್ವಾಸಕೋಶ ಆಮೇಲೆ ಎಷ್ಟೇ ಬೆಳೆದರೂ ಕವಲುಗಳು ಕಡಿಮೆಯೇ. ಹೃದಯ ಆಚೆ ಸರಿಯುವುದರಿಂದ ಇನ್ನೊಂದು ಬದಿಯ ಶ್ವಾಸಕೋಶವೂ ಪೂರ್ತಿ ಬೆಳೆಯುವುದಿಲ್ಲ. ಇದೆಲ್ಲಕ್ಕಿಂತ ಕೆಟ್ಟದ್ದು ಅದರ ರಕ್ತನಾಳಗಳ ಸ್ಥಿತಿ. ಅವುಗಳ ಗೋಡೆ ದಪ್ಪವಾಗಿರುತ್ತದೆ, ಸಣ್ಣ ಕಾರಣಕ್ಕೂ ಅವು ಬಿಗಿದುಕೊಳ್ಳುತ್ತವೆ. ಬಿಗಿದುಕೊಂಡಾಗ ರಕ್ತ ಶ್ವಾಸಕೋಶಕ್ಕೆ ಹೋಗದೆ ಗರ್ಭದಲ್ಲಿದ್ದಾಗಿನ ಹಳೆಯ ಅಡ್ಡದಾರಿಯಲ್ಲೇ ಹರಿಯುತ್ತದೆ. ಆಮ್ಲಜನಕ ಎಷ್ಟು ಕೊಟ್ಟರೂ ಮಗು ನೀಲಿಯಾಗಿಯೇ ಇರುತ್ತದೆ.

ಆದ್ದರಿಂದ ರಂಧ್ರ ಮುಚ್ಚಿದರೆ ಕಾಯಿಲೆ ಮುಗಿಯಿತು ಎಂದು ತಿಳಿಯಬೇಡಿ. ಈ ಮಕ್ಕಳನ್ನು ಕೊಲ್ಲುವುದು ರಂಧ್ರವಲ್ಲ, ಸಣ್ಣ ಶ್ವಾಸಕೋಶ ಮತ್ತು ಅದರ ಬಿಗಿದ ರಕ್ತನಾಳಗಳು.

ಸುಮಾರು ಎರಡೂವರೆಯಿಂದ ಮೂರು ಸಾವಿರ ಜನನಕ್ಕೆ ಒಂದು ಮಗುವಿಗೆ ಹೀಗಾಗುತ್ತದೆ. ನಮ್ಮ ರಾಜ್ಯದಲ್ಲಿ ವರ್ಷಕ್ಕೆ ಹತ್ತು ಲಕ್ಷದ ಆಸುಪಾಸು ಮಕ್ಕಳು ಹುಟ್ಟುತ್ತಾರೆ. ಆ ಲೆಕ್ಕದಲ್ಲಿ ಮುನ್ನೂರಕ್ಕೆ ಕಡಿಮೆಯಿಲ್ಲದಷ್ಟು ಮಕ್ಕಳಿರಬೇಕು. ನಮ್ಮ ಭಾಗದಿಂದ ಬರಬೇಕಾದಷ್ಟು ಮಕ್ಕಳು ನಮ್ಮ ಬಾಗಿಲಿಗೆ ಬರುವುದಿಲ್ಲ. ಗರ್ಭದಲ್ಲೋ ಹೆರಿಗೆ ಕೋಣೆಯಲ್ಲೋ ದಾರಿಯಲ್ಲೋ ತೀರಿಹೋದವರು ಯಾವ ಶಸ್ತ್ರವೈದ್ಯರ ಪಟ್ಟಿಗೂ ಸೇರುವುದಿಲ್ಲ. ಅಮೆರಿಕದ ಮೈಕೆಲ್ ಹ್ಯಾರಿಸನ್ ಎಂಬ ಶಸ್ತ್ರವೈದ್ಯರು 1978ರಲ್ಲೇ ಇದನ್ನು ಗುರುತಿಸಿ, ದೊಡ್ಡ ಆಸ್ಪತ್ರೆಗಳು ಹೇಳಿಕೊಳ್ಳುವ ಬದುಕುಳಿಯುವ ಪ್ರಮಾಣದ ಹಿಂದೆ ಕಾಣದ ಸಾವುಗಳಿವೆ ಎಂದರು. ಒಳ್ಳೆಯ ಕೇಂದ್ರಗಳಲ್ಲಿ ಹತ್ತರಲ್ಲಿ ಏಳು ಮಕ್ಕಳು ಬದುಕುತ್ತಾರೆ ಎಂಬ ಮಾತು ನಿಜವೇ. ಆದರೆ ಅದು ಅಲ್ಲಿಗೆ ತಲುಪಿದ ಮಕ್ಕಳ ಲೆಕ್ಕ.

ಹುಟ್ಟಿದ ಮೊದಲ ನಿಮಿಷದ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ಉಸಿರಾಡದ ಮಗುವಿನ ಮೂಗು ಬಾಯಿಗೆ ಮಾಸ್ಕ್ ಇಟ್ಟು ಆಂಬು ಬ್ಯಾಗ್ ಒತ್ತುವುದನ್ನು ನಾವು ದೇಶದ ಪ್ರತಿಯೊಬ್ಬ ಹೆರಿಗೆ ಕೋಣೆಯ ನರ್ಸ್‌ಗೂ ಕಲಿಸಬೇಕೆಂದು ಹೊರಟವರು. 2009ರಲ್ಲಿ ಶುರುವಾದ ನವಜಾತ ಶಿಶು ಸುರಕ್ಷಾ ಕಾರ್ಯಕ್ರಮದ ಜೀವಾಳವೇ ಅದು. ಆ ಬ್ಯಾಗು ಉಳಿಸಿದ ಮಕ್ಕಳಿಗೆ ಲೆಕ್ಕವಿಲ್ಲ. ಆದರೆ ಈ ಒಂದು ಕಾಯಿಲೆಯಲ್ಲಿ ಅದೇ ಬ್ಯಾಗು ಹಾನಿ ಮಾಡುತ್ತದೆ. ಒತ್ತಿದ ಗಾಳಿ ಶ್ವಾಸಕೋಶಕ್ಕಷ್ಟೇ ಅಲ್ಲ, ಅನ್ನನಾಳಕ್ಕೂ ಹೋಗುತ್ತದೆ. ಎದೆಯಲ್ಲಿ ಕುಳಿತಿರುವ ಜಠರವೂ ಕರುಳೂ ಉಬ್ಬುತ್ತವೆ. ಮೊದಲೇ ಇಕ್ಕಟ್ಟಿನಲ್ಲಿದ್ದ ಶ್ವಾಸಕೋಶ ಇನ್ನಷ್ಟು ಹಿಸುಕಿಹೋಗುತ್ತದೆ. ನರ್ಸ್ ತನಗೆ ಕಲಿಸಿದ್ದನ್ನೇ ಸರಿಯಾಗಿ ಮಾಡುತ್ತಿದ್ದಾಳೆ, ಮಗು ಇನ್ನೂ ನೀಲಿಯಾಗುತ್ತಿದೆ, ಆದ್ದರಿಂದ ಅವಳು ಇನ್ನೂ ಜೋರಾಗಿ ಒತ್ತುತ್ತಾಳೆ.

ಈ ಮಗುವಿಗೆ ಬೇಕಾದದ್ದು ಹುಟ್ಟಿದ ಕೂಡಲೇ ಶ್ವಾಸನಾಳಕ್ಕೆ ಟ್ಯೂಬ್, ಬಾಯಿಂದಲೋ ಮೂಗಿನಿಂದಲೋ ಜಠರಕ್ಕೆ ಇನ್ನೊಂದು ದಪ್ಪ ಟ್ಯೂಬ್, ಆ ಟ್ಯೂಬಿನಿಂದ ಗಾಳಿಯನ್ನು ಆಗಾಗ ಹೊರಗೆಳೆಯುವ ಒಬ್ಬರು. ಮುಂಚೆ ಗೊತ್ತಿಲ್ಲದೆ ಹುಟ್ಟಿದರೂ ಕಣ್ಣಿಗೆ ಬೀಳುವ ಗುರುತುಗಳಿವೆ. ಉಸಿರಿಗೆ ಒದ್ದಾಡುವ ಬೇರೆ ಮಕ್ಕಳ ಹೊಟ್ಟೆ ಉಬ್ಬಿರುತ್ತದೆ, ಇವರದು ಒಳಕ್ಕೆ ಕುಸಿದಿರುತ್ತದೆ. ಸ್ಟೆತೊಸ್ಕೋಪ್ ಇಟ್ಟರೆ ಹೃದಯದ ಬಡಿತ ಬಲಗಡೆ ಕೇಳುತ್ತದೆ. ಎಕ್ಸ್‌ರೇಯಲ್ಲಿ ಎದೆಯೊಳಗೆ ಕಾಣುವ ಕರುಳಿನ ಗಾಳಿಯನ್ನು ಶ್ವಾಸಕೋಶ ಒಡೆದು ಸೋರಿದ ಗಾಳಿ ಎಂದುಕೊಂಡು ಎದೆಗೆ ನಳಿಕೆ ಚುಚ್ಚಿದರೆ ಅದು ಕರುಳಿಗೇ ತಾಗುವ ಅಪಾಯವಿದೆ. ಜಠರಕ್ಕೆ ಟ್ಯೂಬ್ ಹಾಕಿ ಎಕ್ಸ್‌ರೇ ತೆಗೆದರೆ ಟ್ಯೂಬಿನ ತುದಿ ಎದೆಯಲ್ಲಿ ಕಾಣುತ್ತದೆ, ಅನುಮಾನ ಅಲ್ಲಿಗೆ ಬಗೆಹರಿಯುತ್ತದೆ. ತಾಲ್ಲೂಕು ಆಸ್ಪತ್ರೆಯ ಹೆರಿಗೆ ಕೋಣೆಯ ಗೋಡೆಗೆ ಅಂಟಿಸಲು ಇಷ್ಟು ಸಾಲು ಸಾಕು. ಆದರೆ ಒಂದು ವಿಷಯ ಮರೆಯಬಾರದು. ಎರಡೂವರೆ ಕೆ.ಜಿ. ಮಗುವಿನ ಶ್ವಾಸನಾಳಕ್ಕೆ ಮೊದಲ ನಿಮಿಷದಲ್ಲೇ ಟ್ಯೂಬ್ ಹಾಕಬಲ್ಲ ಪಳಗಿದ ಕೈ ಪ್ರತಿ ತಾಲ್ಲೂಕಿನಲ್ಲೂ ಪ್ರತಿ ರಾತ್ರಿಯೂ ಇರುವುದಿಲ್ಲ, ಇರಬೇಕೆಂದು ಅಪೇಕ್ಷಿಸುವುದೂ ಸರಿಯಲ್ಲ. ಅಂಥ ಕೈ ಇರುವ ಕಡೆಗೆ ತಾಯಿಯನ್ನು ಮೊದಲೇ ಕರೆತರುವುದು ನಮ್ಮ ಕೈಲಿರುವ ಕೆಲಸ. ಮಗುವನ್ನು ಸಾಗಿಸಲು ತಾಯಿಯ ಗರ್ಭಕ್ಕಿಂತ ಸುರಕ್ಷಿತ ವಾಹನವನ್ನು ಯಾರೂ ಇನ್ನೂ ಕಂಡುಹಿಡಿದಿಲ್ಲ. ಬೀದರಿನಿಂದ ಬೆಂಗಳೂರಿಗೆ ಏಳುನೂರು ಕಿಲೋಮೀಟರ್ ಹತ್ತಿರ ಆಗುತ್ತದೆ. ಗರ್ಭದಲ್ಲಿರುವ ಮಗುವಿಗೆ ಆ ದಾರಿಯಿಂದ ತೊಂದರೆಯಿಲ್ಲ. ಹುಟ್ಟಿ ಎರಡು ತಾಸಾದ ಮಗುವಿಗೆ ಅದರಲ್ಲಿ ಐವತ್ತು ಕಿಲೋಮೀಟರೂ ಹೆಚ್ಚು.

ಮಗು ನಮ್ಮಲ್ಲಿಗೆ ಬಂದ ಮೇಲೆ ಮನೆಯವರ ಮೊದಲ ಪ್ರಶ್ನೆ ಯಾವತ್ತೂ ಒಂದೇ. 'ಬಾಯಾರ, ಆಪರೇಷನ್ ಇವತ್ತ ಮಾಡ್ತೀರೇನ್ರಿ?' ಇವತ್ತಿಲ್ಲ ಎಂದರೆ ಅವರ ಮುಖದಲ್ಲಿ ಅನುಮಾನ ಮೂಡುತ್ತದೆ. ರೊಕ್ಕ ಕಟ್ಟಿಲ್ಲ ಅಂತ ಕಾಯಿಸುತ್ತಿದ್ದಾರೇನೋ, ದೊಡ್ಡ ಡಾಕ್ಟರು ಊರಲ್ಲಿಲ್ಲವೇನೋ. ಅವರನ್ನು ಕೂರಿಸಿಕೊಂಡು, ಕಾಯುವುದೇ ಇಲ್ಲಿನ ಚಿಕಿತ್ಸೆ ಎಂದು ಬಿಡಿಸಿ ಹೇಳದಿದ್ದರೆ ನಮ್ಮ ಕೆಲಸ ಪೂರ್ತಿಯಾಗುವುದಿಲ್ಲ.

ಹಿಂದೆ ಹೀಗಿರಲಿಲ್ಲ. ಬಾಸ್ಟನ್ನಿನ ರಾಬರ್ಟ್ ಗ್ರಾಸ್ 1946ರಲ್ಲಿ ಹುಟ್ಟಿ ಒಂದು ದಿನವೂ ತುಂಬದ ಮಗುವಿಗೆ ಈ ಶಸ್ತ್ರಚಿಕಿತ್ಸೆ ಮಾಡಿ ಬದುಕಿಸಿದರು. ಮುಂದಿನ ನಲವತ್ತು ವರ್ಷ ಜಗತ್ತಿನಲ್ಲೆಲ್ಲ ಇದು ತುರ್ತು ಆಪರೇಷನ್ನೇ ಆಗಿತ್ತು. ನಡುರಾತ್ರಿ ಥಿಯೇಟರ್ ತೆರೆದು ಮಾಡುವಂಥದ್ದು. ಕರುಳನ್ನು ಕೆಳಗಿಳಿಸಿದರೆ ಶ್ವಾಸಕೋಶ ಅರಳುತ್ತದೆ ಎಂಬ ನಂಬಿಕೆ. 1987ರಲ್ಲಿ ಟೊರಾಂಟೊದ ವೈದ್ಯರು ಆಪರೇಷನ್ನಿಗೆ ಮೊದಲೂ ಆಮೇಲೂ ಶ್ವಾಸಕೋಶ ಎಷ್ಟು ಸುಲಭವಾಗಿ ಹಿಗ್ಗುತ್ತದೆ ಎಂದು ಅಳೆದು ನೋಡಿದರು. ಬಹುಪಾಲು ಮಕ್ಕಳಲ್ಲಿ ಆಮೇಲೆ ಅದು ಇನ್ನೂ ಬಿಗಿಯಾಗಿತ್ತು. ಅದೇ ಹೊತ್ತಿಗೆ ನ್ಯೂಯಾರ್ಕಿನ ಕೊಲಂಬಿಯಾದಲ್ಲಿ ಜೆನ್-ಟಿಯೆನ್ ವುಂಗ್ ಎಂಬ ವೈದ್ಯರು ಇನ್ನೊಂದು ಮಾತು ಹೇಳುತ್ತಿದ್ದರು. ವೆಂಟಿಲೇಟರಿನಿಂದ ಬಲವಾಗಿ ಗಾಳಿ ತುರುಕಿ ಅಂಕಿಗಳನ್ನು ಸುಂದರವಾಗಿಸಲು ಹೋದರೆ ಇದ್ದಬದ್ದ ಶ್ವಾಸಕೋಶವೂ ಹರಿದುಹೋಗುತ್ತದೆ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಸ್ವಲ್ಪ ಹೆಚ್ಚಿರಲಿ, ಆಮ್ಲಜನಕ ಸ್ವಲ್ಪ ಕಡಿಮೆಯಿರಲಿ, ಮಗುವನ್ನು ಅದರ ಪಾಡಿಗೆ ಬಿಡಿ ಎಂದರು. ಈ ಕಾಯಿಲೆಯ ಇತಿಹಾಸದಲ್ಲಿ ಅತಿ ಹೆಚ್ಚು ಮಕ್ಕಳನ್ನು ಉಳಿಸಿದ್ದು ಯಾವ ಹೊಸ ಯಂತ್ರವೂ ಅಲ್ಲ, ಈ ಸಂಯಮ ಎಂದು ನಾನು ನಂಬುತ್ತೇನೆ. ಚಾಕು ಹಿಡಿಯುವವಳು ನಾನೇ ಆದರೂ ಇದನ್ನು ಒತ್ತಿ ಹೇಳುತ್ತೇನೆ.

ಹಾಗಾಗಿ ನಮ್ಮ ನವಜಾತ ಶಿಶು ತೀವ್ರ ನಿಗಾ ಘಟಕದಲ್ಲಿ ಆ ಮಗುವಿನ ವಾರ್ಮರ್ ಸುತ್ತ ದನಿ ತಗ್ಗಿರುತ್ತದೆ. ಮಗುವನ್ನು ಮುಟ್ಟುವುದು, ರಕ್ತ ತೆಗೆಯುವುದು, ಒರೆಸುವುದು ಎಲ್ಲವನ್ನೂ ಸಿಸ್ಟರ್‌ಗಳು ಒಂದೇ ಸಲಕ್ಕೆ ಸೇರಿಸಿಕೊಂಡು ಮುಗಿಸುತ್ತಾರೆ. ಪ್ರತಿ ಸಲ ಮುಟ್ಟಿದಾಗಲೂ ಆ ರಕ್ತನಾಳಗಳು ಬಿಗಿಯುವ ಭಯವಿದೆ. ವೆಂಟಿಲೇಟರಿನ ಒತ್ತಡ 25 ದಾಟದಂತೆ ನೋಡಿಕೊಳ್ಳುತ್ತೇವೆ. ಆಮ್ಲಜನಕ ಅಳೆಯುವ ಕೆಂಪು ದೀಪದ ಪಟ್ಟಿಯನ್ನು ಬಲಗೈಗೇ ಕಟ್ಟುತ್ತೇವೆ. ಮಿದುಳಿಗೂ ಹೃದಯಕ್ಕೂ ಹೋಗುವ ರಕ್ತ ಹೇಗಿದೆ ಎಂದು ಹೇಳುವುದು ಆ ಕೈ. ಅಲ್ಲಿ 85 ಕಂಡರೆ ನಮಗೆ ನೆಮ್ಮದಿ. ಹೊರಗೆ ಗಾಜಿನಾಚೆ ನಿಂತ ಅಪ್ಪನಿಗೆ ನೂರಾಗದ ಪ್ರತಿ ಅಂಕಿಯೂ ಸಂಕಟ. ಇಷ್ಟೇ ಸಾಕು ಎಂದು ಅವರಿಗೆ ಮತ್ತೆ ಮತ್ತೆ ಹೇಳುವ ಕೆಲಸವನ್ನು ನಮ್ಮ ಸಿಸ್ಟರ್‌ಗಳು ನನಗಿಂತ ಚೆನ್ನಾಗಿ ಮಾಡುತ್ತಾರೆ. ಎಕೋ ಮಾಡಿ ಶ್ವಾಸಕೋಶದ ರಕ್ತದೊತ್ತಡ ನೋಡುತ್ತೇವೆ. ಅದು ಇಳಿಯಲು ನೈಟ್ರಿಕ್ ಆಕ್ಸೈಡ್ ಅನಿಲವಿದೆ, ದುಬಾರಿ. ಈ ಕಾಯಿಲೆಯಲ್ಲಿ ಅದು ಸಾವನ್ನು ತಪ್ಪಿಸುತ್ತದೆ ಎಂದು 1997ರ ಪರೀಕ್ಷೆಯಲ್ಲಿ ಸಾಬೀತಾಗಲಿಲ್ಲ. ಸಿಲ್ಡೆನಾಫಿಲ್, ಮಿಲ್ರಿನೋನ್ ಔಷಧಗಳನ್ನು ಎಕೋ ನೋಡಿಕೊಂಡು ಬಳಸುತ್ತೇವೆ. ದೇಹದ ಹೊರಗೆ ರಕ್ತಕ್ಕೆ ಆಮ್ಲಜನಕ ಬೆರೆಸುವ ಎಕ್ಮೊ ಯಂತ್ರ ಶ್ರೀಮಂತ ದೇಶಗಳಲ್ಲಿ ಕೊನೆಯ ಆಸರೆ. ನವಜಾತ ಮಗುವಿಗೆ ಅದನ್ನು ನಡೆಸಬಲ್ಲ ಕಡೆಗಳು ನಮ್ಮ ದೇಶದಲ್ಲಿ ವಿರಳ. ಮಗು ಸ್ಥಿರವಾಗಿ, ಮೂತ್ರ ಚೆನ್ನಾಗಿ ಹೋಗುತ್ತಿದ್ದು, ಆಮ್ಲಜನಕ ಅರ್ಧಕ್ಕಿಂತ ಕಡಿಮೆ ಸಾಕಾಗತೊಡಗಿದಾಗ ನನ್ನ ಸರದಿ.

ಆಪರೇಷನ್ ದೊಡ್ಡದಲ್ಲ ಎಂದರೆ ಯಾರೂ ನಂಬುವುದಿಲ್ಲ. ಎಡ ಪಕ್ಕೆಲುಬಿನ ಕೆಳಗೆ ಕೊಯ್ದು, ಕರುಳನ್ನು ಸುರುಳಿ ಸುರುಳಿಯಾಗಿ ಕೆಳಗಿಳಿಸಿ, ಗುಲ್ಮವನ್ನು ತೀರಾ ಜೋಪಾನವಾಗಿ ತಂದು, ವಪೆಯ ಅಂಚುಗಳನ್ನು ಕರಗದ ದಾರದಿಂದ ಹೊಲಿಯುತ್ತೇವೆ. ಅಂಚು ಸಾಲದಿದ್ದರೆ ಗೋರ್‌ಟೆಕ್ಸ್ ತೇಪೆ. ಹೊಲಿಯುವ ಮುಂಚೆ ಒಮ್ಮೆ ಎದೆಯೊಳಗೆ ಇಣುಕಿದರೆ ಮೇಲೆ ಮೂಲೆಯಲ್ಲಿ ಗೋಡಂಬಿಯಷ್ಟೇ ಕಾಣುವ ಗುಲಾಬಿ ಶ್ವಾಸಕೋಶ. ಅದನ್ನು ಉಬ್ಬಿಸಿ ನೋಡುವ ಆಸೆಯನ್ನು ತಡೆದುಕೊಳ್ಳಲು ಕಿರಿಯರಿಗೆ ಕಲಿಸುವುದೇ ಕಷ್ಟ. ಅದು ತನ್ನಷ್ಟಕ್ಕೆ ತಾನು, ದಿನಗಳಲ್ಲಿ ವಾರಗಳಲ್ಲಿ, ಎದೆಯನ್ನು ತುಂಬುತ್ತಾ ಬರಬೇಕು. ಗಾಳಿಗೂಡುಗಳು ಹುಟ್ಟಿದ ಮೇಲೂ ಕೆಲವು ವರ್ಷ ಹೊಸದಾಗಿ ಮೂಡುತ್ತಲೇ ಇರುತ್ತವೆ ಎಂಬುದು ಈ ಮಕ್ಕಳ ಪಾಲಿಗೆ ಪ್ರಕೃತಿ ಇಟ್ಟ ದೊಡ್ಡ ಆಸರೆ.

ಈಗ ಬಹಳ ಜನ ಮೊಬೈಲಿನಲ್ಲಿ ಒಂದು ವಿಡಿಯೊ ತೋರಿಸುತ್ತಾರೆ. ಗರ್ಭದೊಳಗೇ ಮಗುವಿನ ಶ್ವಾಸನಾಳದಲ್ಲಿ ಪುಟ್ಟ ಬಲೂನ್ ಇಡುವ ಚಿಕಿತ್ಸೆಯದು. ಬೆಲ್ಜಿಯಂನ ಲೂವೆನ್‌ನ ಯಾನ್ ಡೆಪ್ರೆಸ್ಟ್ ಮತ್ತು ಸಂಗಡಿಗರು ನಡೆಸಿದ ಪರೀಕ್ಷೆಯ ಫಲಿತಾಂಶ 2021ರಲ್ಲಿ ಬಂತು. ಅತ್ಯಂತ ಸಣ್ಣ ಶ್ವಾಸಕೋಶದ ಮಕ್ಕಳಲ್ಲಿ ಬಲೂನ್ ಇಟ್ಟ ಗುಂಪಿನ 40 ಪ್ರತಿಶತ ಬದುಕಿ ಮನೆಗೆ ಹೋದರು, ಇಡದ ಗುಂಪಿನಲ್ಲಿ 15. ಇದು ನಿಜವಾದ ಗೆಲುವು, ನನಗೆ ಅದರ ಬಗ್ಗೆ ಗೌರವವಿದೆ. ಆದರೆ ಮಧ್ಯಮ ತೀವ್ರತೆಯ ಮಕ್ಕಳಲ್ಲಿ 63ಕ್ಕೆ 50, ಖಚಿತವಾಗಿ ಲಾಭವೆನ್ನಲು ಸಾಲದ ಅಂತರ. ಬಲೂನ್ ಇಟ್ಟ ಮೇಲೆ ಅವಧಿಗೆ ಮುಂಚೆ ಹೆರಿಗೆಯಾಗುವುದು ಬಹಳ ಹೆಚ್ಚು. ಅದನ್ನು ಹೆರಿಗೆಗೆ ಮೊದಲು, ಸುಮಾರು 34ನೇ ವಾರದಲ್ಲಿ, ತೆಗೆಯಲೇಬೇಕು. ತೆಗೆಯಬಲ್ಲವರು ಹಗಲೂ ರಾತ್ರಿ ಹತ್ತಿರ ಇರಬೇಕು. ಸರಿಯಾದ ಊರಿನಲ್ಲಿ ಹೆರಿಗೆ ಮಾಡಿಸುವ ವ್ಯವಸ್ಥೆಯೇ ಇಲ್ಲದ ಕಡೆ ಬಲೂನಿನ ಕನಸು ತೋರಿಸುವುದು ನ್ಯಾಯವಲ್ಲ ಎಂಬುದು ನನ್ನ ಅಭಿಪ್ರಾಯ.

ಹಾಗಾದರೆ ಸ್ಕ್ಯಾನಿನಲ್ಲಿ ಕಂಡ ಮೇಲೂ ತಾಯಿ ನಮ್ಮವರೆಗೆ ಏಕೆ ಬರುವುದಿಲ್ಲ? ಬಡತನ ಒಂದು ಕಾರಣ, ಆದರೆ ಅದೊಂದೇ ಅಲ್ಲ. ಸ್ಕ್ಯಾನ್ ಮಾಡಿದವರು ವರದಿಯನ್ನು ಲಕೋಟೆಗೆ ಹಾಕಿ 'ನಿಮ್ಮ ಡಾಕ್ಟರಿಗೆ ತೋರಿಸಿ' ಎನ್ನುತ್ತಾರೆ. ಹೆರಿಗೆ ವೈದ್ಯರಲ್ಲಿ ಕೆಲವರು 'ತೆಗೆಸಿಬಿಡಿ, ಇನ್ನೊಂದು ಆಗುತ್ತೆ' ಎನ್ನುತ್ತಾರೆ, ಕೆಲವರು 'ಹುಟ್ಟಿದ ಮೇಲೆ ಸಣ್ಣ ಆಪರೇಷನ್, ಸರಿಹೋಗುತ್ತೆ' ಎನ್ನುತ್ತಾರೆ. ಎರಡೂ ಉತ್ತರ ಅರೆಬರೆ. ರಂಧ್ರದ ಜೊತೆ ಹೃದಯದಲ್ಲೋ ವರ್ಣತಂತುಗಳಲ್ಲೋ ದೋಷವಿದೆಯೇ, ಯಕೃತ್ತು ಎದೆಗೆ ಏರಿದೆಯೇ, ತಲೆಯ ಅಳತೆಗೆ ಹೋಲಿಸಿದರೆ ಶ್ವಾಸಕೋಶ ಎಷ್ಟಿದೆ ಎಂದು ನೋಡದೆ ಮಗುವಿನ ಭವಿಷ್ಯ ಹೇಳಲು ಬರುವುದಿಲ್ಲ. ಗರ್ಭ ಮುಂದುವರಿಸುವುದು ಬೇಡ ಎನ್ನುವ ದಂಪತಿಯ ತೀರ್ಮಾನವನ್ನು ನಾನು ಗೌರವಿಸುತ್ತೇನೆ. 2021ರ ಕಾನೂನು ತಿದ್ದುಪಡಿಯಲ್ಲಿ ಅದಕ್ಕೆ ಅವಕಾಶವಿದೆ. ಗಂಭೀರ ದೋಷವಿದ್ದರೆ ಇಪ್ಪತ್ತನಾಲ್ಕು ವಾರ ದಾಟಿದ ಮೇಲೂ ವೈದ್ಯಕೀಯ ಮಂಡಳಿ ಅನುಮತಿ ಕೊಡಬಹುದು. ಆದರೆ ಆ ತೀರ್ಮಾನ ಮಕ್ಕಳ ಶಸ್ತ್ರವೈದ್ಯರೊಬ್ಬರ ಜೊತೆ ಕೂತು ಮಾತಾಡಿದ ಮೇಲೆ ಆಗಬೇಕು. ಬದುಕಬಲ್ಲ ಮಗು ಎಂಬ ಮಾತೇ ಕಿವಿಗೆ ಬೀಳದೆ ಯಾವ ತಾಯಿಯೂ ಮನೆಗೆ ಹಿಂದಿರುಗಬಾರದು.

ಇನ್ನೊಂದು ಕಾರಣವನ್ನು ಬೆಂಗಳೂರಿನಲ್ಲಿ ಕೂತು ಯೋಜನೆ ಬರೆಯುವವರು ಗಮನಿಸಿದಂತೆ ಕಾಣುವುದಿಲ್ಲ. ನಮ್ಮ ಕಡೆ ಚೊಚ್ಚಲ ಹೆರಿಗೆ ತವರಿನದು. ಐದನೇ ತಿಂಗಳ ಸ್ಕ್ಯಾನ್ ಗಂಡನ ಊರಿನ ಹತ್ತಿರದ ಪಟ್ಟಣದಲ್ಲಿ ಆಗುತ್ತದೆ. ಏಳರಲ್ಲೋ ಒಂಬತ್ತರಲ್ಲೋ ಕುಬಸ ಮಾಡಿ ಹುಡುಗಿಯನ್ನು ತವರಿಗೆ ಕಳಿಸುತ್ತಾರೆ, ಅದು ಇನ್ನೊಂದು ಜಿಲ್ಲೆ, ಇನ್ನೊಬ್ಬ ಆಶಾ ಕಾರ್ಯಕರ್ತೆ, ಇನ್ನೊಂದು ಆಸ್ಪತ್ರೆ. ಹಸಿರು ಬಳೆ, ಸೀರೆ, ಬುತ್ತಿ ಎಲ್ಲ ಜೊತೆಗೆ ಹೋಗುತ್ತವೆ. ಸ್ಕ್ಯಾನ್ ಫೈಲು ಗಂಡನ ಮನೆಯ ಕಪಾಟಿನಲ್ಲಿ ಉಳಿಯುತ್ತದೆ. 'ಕೂಸಿಗೆ ಏನೋ ಐತಿ ಅಂತ ಹೇಳಿದ್ರು, ದೃಷ್ಟಿ ಆದೀತು ಅಂತ ಯಾರಿಗೂ ಹೇಳಲಿಲ್ರಿ' ಎಂದು ಅತ್ತೆಯೊಬ್ಬರು ನನ್ನೆದುರು ಅತ್ತಿದ್ದಾರೆ. ಅವರನ್ನು ಬೈಯಲು ನನ್ನಿಂದಾಗಲಿಲ್ಲ. ತಾಯಿ ಕಾರ್ಡ್ ಮಾತ್ರ ಹುಡುಗಿಯ ಜೊತೆ ಎಲ್ಲ ಕಡೆ ತಿರುಗುತ್ತದೆ. ಸ್ಕ್ಯಾನಿನ ಗಂಭೀರ ದೋಷವನ್ನು ಆ ಕಾರ್ಡಿನ ಮೊದಲ ಪುಟದಲ್ಲೇ ಕೆಂಪು ಶಾಯಿಯಲ್ಲಿ, ಯಾವ ಆಸ್ಪತ್ರೆಯಲ್ಲಿ ಹೆರಿಗೆ ಆಗಬೇಕು ಎಂಬುದರ ಸಮೇತ ಬರೆಯುವಂತೆ ಆದರೆ ಅರ್ಧ ಕೆಲಸ ಆದಂತೆ.

ಕುಷ್ಟಗಿ ಕಡೆಯ ಒಬ್ಬ ಹೆಣ್ಣುಮಗಳ ವಿಷಯದಲ್ಲಿ ಇದು ಸರಿಯಾಗಿ ನಡೆಯಿತು. ಸ್ಕ್ಯಾನ್ ಮಾಡಿದ ವೈದ್ಯರೇ ನನಗೆ ಫೋನ್ ಮಾಡಿದರು. ಅವಳ ತಾಯಿ 'ಚೊಚ್ಚಲ ಹೆರಿಗಿ ತವರಾಗ ಆಗಬೇಕ್ರಿ, ಮಂದಿ ಏನಂದಾರು' ಎಂದು ಮೊದಲು ಒಪ್ಪಲಿಲ್ಲ. 'ಯವ್ವಾ, ನೀವೂ ಇಲ್ಲಿಗೇ ಬನ್ರಿ, ನೀವು ಇದ್ದಲ್ಲೇ ಅಕಿಗೆ ತವರು' ಎಂದೆ. 37ನೇ ವಾರಕ್ಕೆ ನಂಟರ ಮನೆಗೆ ಬಂದು ಉಳಿದರು. ಈ ಕಾಯಿಲೆಗೆ ಸಿಸೇರಿಯನ್ ಕಡ್ಡಾಯವಲ್ಲ, ಅವಳಿಗೆ ಸಹಜ ಹೆರಿಗೆಯೇ ಆಯಿತು. ಹುಟ್ಟಿದ ಮಗು ಅಳುವ ಮೊದಲೇ ಟ್ಯೂಬ್ ಹಾಕುತ್ತೇವೆ, ಅಳು ಕೇಳದಿದ್ದರೆ ಗಾಬರಿಯಾಗಬೇಡ ಎಂದು ಅವಳಿಗೆ ಮೊದಲೇ ಹೇಳಿದ್ದೆವು. ಐದನೇ ದಿನ ಆಪರೇಷನ್ ಆಯಿತು. ಅಲ್ಲಿಯವರೆಗೆ ಅವಳು ದಿನಾಲೂ ಬಂದು ಹಾಲು ಹಿಂಡಿ ಕೊಟ್ಟು, ಮಗುವಿನ ಪಾದಕ್ಕೆ ಕೈ ತಾಗಿಸಿಕೊಂಡು ಕೂರುತ್ತಿದ್ದಳು. ಆ ಹೆಣ್ಣುಮಗು ಈಗ ಅಂಗನವಾಡಿಗೆ ಹೋಗುತ್ತದೆ. ಅದೇ ತಿಂಗಳು ಇನ್ನೊಂದು ಜಿಲ್ಲೆಯಿಂದ ಬಂದ, ಹೆಚ್ಚುಕಡಿಮೆ ಅಷ್ಟೇ ದೊಡ್ಡ ರಂಧ್ರದ ಗಂಡುಮಗು ದಾರಿಯುದ್ದಕ್ಕೂ ಬ್ಯಾಗ್ ಒತ್ತಿಸಿಕೊಂಡು ಬಂದಿತ್ತು. ಬೆಳಗಾಗುವ ಮೊದಲು ತೀರಿಕೊಂಡಿತು. ಅದರ ವರದಿಯಲ್ಲೂ ಎಲ್ಲ ಬರೆದಿತ್ತು. ತಾಯಿ ಅದನ್ನು ಜೀವಂತ ನೋಡಲಿಲ್ಲ.

ಅಪರೂಪದ ಒಂದು ಕಾಯಿಲೆಗಾಗಿ ಇಷ್ಟೆಲ್ಲ ವ್ಯವಸ್ಥೆ ಏಕೆ ಎಂದು ಅಧಿಕಾರಿಯೊಬ್ಬರು ಸೌಜನ್ಯದಿಂದಲೇ ಕೇಳಿದರು. ಪ್ರಶ್ನೆ ತಪ್ಪಲ್ಲ. ಕರುಳು ಹೊಟ್ಟೆಯಿಂದ ಹೊರಬಂದು ಹುಟ್ಟುವ ಮಗು, ಮುಖ್ಯ ರಕ್ತನಾಳಗಳು ಅದಲುಬದಲಾದ ಹೃದಯದ ಮಗು, ಬೆನ್ನುಹುರಿ ತೆರೆದ ಮಗು, ಇವರೆಲ್ಲರಿಗೂ ಬೇಕಾದದ್ದು ಇದೇ ದಾರಿ. ಒಬ್ಬರಿಗಾಗಿ ಹಾಕಿದರೆ ಎಲ್ಲರೂ ನಡೆಯುತ್ತಾರೆ. 2013ರಿಂದ ನಡೆದಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ 30 ಸ್ಥಿತಿಗಳ ಮೂಲ ಪಟ್ಟಿಯಲ್ಲಿ ಸೀಳುತುಟಿ, ಸೊಟ್ಟಪಾದ, ಹೃದಯದ ದೋಷ ಇವೆ. ವಪೆಯ ಹರ್ನಿಯಾ ಇಲ್ಲ. ಹುಟ್ಟಿದ ಮೇಲೆ ಕಾಯಿಲೆ ಹುಡುಕುವ ಕಾರ್ಯಕ್ರಮಕ್ಕೆ ಮೊದಲ ದಿನವೇ ಸಾಯುವ ಮಗು ಕಾಣುವುದಾದರೂ ಹೇಗೆ? ಪ್ರತಿ ತಿಂಗಳ ಒಂಬತ್ತರಂದು ಗರ್ಭಿಣಿಯರ ತಪಾಸಣೆ ನಡೆಯುತ್ತದಲ್ಲ, ಹುಡುಕಾಟ ಅಲ್ಲಿಂದ ಶುರುವಾಗಲಿ. ಸ್ಕ್ಯಾನ್ 18ರಿಂದ 20ನೇ ವಾರದ ಒಳಗೇ ಆಗಲಿ. ಇಪ್ಪತ್ತಮೂರನೇ ವಾರದಲ್ಲಿ ವರದಿ ಕೈಗೆ ಬಂದರೆ ಯೋಚಿಸಲು ಯಾರಿಗೂ ಸಮಯವಿರುವುದಿಲ್ಲ.

ಬದುಕಿ ಮನೆಗೆ ಹೋದ ಮಕ್ಕಳ ಅಪ್ಪ ಅಮ್ಮಂದಿರಿಗೂ ಒಂದು ಮಾತಿದೆ. ಹೊಲಿಗೆ ಒಣಗಿತೆಂದು ತಪಾಸಣೆ ಬಿಡಬೇಡಿ. ಈ ಮಕ್ಕಳಿಗೆ ಕುಡಿದ ಹಾಲು ಮೇಲೆ ಬರುವುದು, ತೂಕ ಏರದಿರುವುದು, ನೆಗಡಿ ಬಂದರೆ ಏದುಸಿರು ಬರುವುದು ಸಾಮಾನ್ಯ. ತೇಪೆ ಹಾಕಿದ್ದರೆ ಮಗು ಬೆಳೆದಂತೆ ಅದು ಅಂಚಿನಲ್ಲಿ ಬಿಟ್ಟುಕೊಳ್ಳಬಹುದು, ಬೆನ್ನು ಒಂದು ಬದಿಗೆ ಬಾಗಬಹುದು. ಕೆಲವರಲ್ಲಿ ಕಿವಿ ಹುಟ್ಟಿದಾಗ ಸರಿಯಿದ್ದು, ವರ್ಷಗಳ ಮೇಲೆ ಕೇಳಿಸುವುದು ಕಡಿಮೆಯಾಗುತ್ತದೆ. ಚಪ್ಪಾಳೆ ಹೊಡೆದರೆ ತಿರುಗುತ್ತಾನೆ ಎಂದು ಸುಮ್ಮನಿರಬೇಡಿ. ಶಾಲೆಗೆ ಸೇರಿಸುವ ತನಕ ಕಿವಿಯ ಪರೀಕ್ಷೆ ಮತ್ತೆ ಮತ್ತೆ ಮಾಡಿಸಿ.

ಸರ್ಕಾರದಿಂದ ನಾನು ಕೇಳುವುದನ್ನು ಬಿಡಿಸಿಯೇ ಹೇಳುತ್ತೇನೆ. ಮಕ್ಕಳ ಶಸ್ತ್ರವೈದ್ಯರೂ ನವಜಾತ ಶಿಶು ತಜ್ಞರೂ ಹೆರಿಗೆ ವಿಭಾಗವೂ ಒಂದೇ ಆವರಣದಲ್ಲಿರುವ ಆಸ್ಪತ್ರೆಗಳನ್ನು, ಕಂದಾಯ ವಿಭಾಗಕ್ಕೆ ಕನಿಷ್ಠ ಒಂದರಂತೆ, ಹೆಸರು ಹಿಡಿದು ಗೊತ್ತುಮಾಡಲಿ. ಬೆಂಗಳೂರಿಗೆ ಮಾತ್ರ ಬೇಡ, ಕಲಬುರಗಿಗೂ ಬೇಕು, ಬೆಳಗಾವಿಗೂ ಬೇಕು. ಆ ಹೆಸರುಗಳೂ ಫೋನ್ ನಂಬರುಗಳೂ ಪ್ರತಿ ಸ್ಕ್ಯಾನಿಂಗ್ ಸೆಂಟರಿನ ಗೋಡೆಯ ಮೇಲಿರಲಿ. ದೋಷ ಕಂಡವರೇ ಆ ನಂಬರಿಗೆ ಕರೆ ಮಾಡಲಿ, ಕುಟುಂಬದ ಕೈಯಲ್ಲಿ ಲಕೋಟೆ ಕೊಟ್ಟು ಮುಗಿಸುವುದು ಬೇಡ. ಜನನಿ ಶಿಶು ಸುರಕ್ಷಾ ಕಾರ್ಯಕ್ರಮದ ಹಣದಲ್ಲಿ ಹುಟ್ಟಿದ ಮೇಲೆ ಕಾಯಿಲೆಯ ಮಗುವನ್ನು ಸಾಗಿಸಲು ಅವಕಾಶವಿದೆ. ಅದೇ ಹಣ ಹುಟ್ಟುವ ಮೊದಲು, 37ನೇ ವಾರದಲ್ಲಿ, ತಾಯಿಯನ್ನು ಕರೆತರಲೂ ಸಿಗಲಿ. ಜೊತೆಗೆ ಒಬ್ಬ ಹೆಂಗಸಿಗೂ ಸೇರಿ ಮೂರು ವಾರ ಉಳಿಯಲು ಆಸ್ಪತ್ರೆಯ ಹತ್ತಿರ ಒಂದು ಕೋಣೆ, ಎರಡು ಹೊತ್ತಿನ ಊಟ, ಕೂಲಿ ಬಿಟ್ಟು ಬಂದ ಗಂಡನಿಗೆ ಆ ದಿನಗಳ ಕೂಲಿ ಕೊಡಲಿ. ಒಂದು ಮಗುವನ್ನು ರಾತ್ರೋರಾತ್ರಿ ವೆಂಟಿಲೇಟರ್ ಆಂಬುಲೆನ್ಸಿನಲ್ಲಿ ಕಳಿಸಲು ಆಗುವ ಖರ್ಚಿನ ಪಕ್ಕದಲ್ಲಿ ಈ ಖರ್ಚನ್ನು ಇಟ್ಟು ಆರೋಗ್ಯ ಇಲಾಖೆಯವರೇ ಲೆಕ್ಕ ಹಾಕಿ ನೋಡಲಿ.